ಮೈನಸ್ ಸೊನ್ನೆ ಡಿಗ್ರಿ

ಬಿಳಿಗುಡ್ಡದ ಯಂಕೋಬನ ಮನೆಯ ಪಡಸಾಲೆ ಒಂದು ಸೋಮವಾರ ಮಧ್ಯಾಹ್ನ ಒಂದೂವರೆಗೆ ಸೂರ್ಯನಿಗಿಂತ ಕೋಟಿ ಕೋಟಿ ಕೋಟಿ ಪಟ್ಟು ಹೆಚ್ಚು ಕಾದಿತ್ತು. ತಂಪು ಮಂಡಳಿಯ ಕಂಪ್ಯೂಟರಿನಲ್ಲಿ ದಾಖಲೆ ಇದೆ: ಹದಿನೇಳರ ಮುಂದೆ ಮೂವತ್ತೇಳು ಸೊನ್ನೆ ಡಿಗ್ರಿ. ಅದೇ ಹೊತ್ತಿಗೆ ಅದೇ ಪಡಸಾಲೆಯಲ್ಲಿ ಅವನ ಹೆಂಡತಿ ಹುಲಿಗೆಮ್ಮ ಎರಡು ಕೌದಿ ಹೊದ್ದು, ಹಲ್ಲು ಕಟಕಟಿಸುತ್ತ ಕೂತಿದ್ದಳು. ನಂಬದವರು ಎದ್ದು ಹೋಗಲು ಅಡ್ಡಿಯಿಲ್ಲ. ಹೊರಗೆ ಐವತ್ತೊಂದು ಡಿಗ್ರಿ ಇದೆ. ಹೊಸ್ತಿಲು ದಾಟುವಷ್ಟರಲ್ಲಿ ನಂಬಿಕೆ ಹುಟ್ಟಿ ತಾವಾಗಿಯೇ ವಾಪಸು ಬರುತ್ತಾರೆ.

ಇದು ಈಗಿನಿಂದ ನಲವತ್ತು ಬೇಸಿಗೆ ಆಚೆ, ಇನ್ನೂ ಬಾರದ ಕಾಲದ ಮಾತು. ರಾಯಚೂರು ಸೀಮೆಯಲ್ಲಿ ಆಗ ಬಿಸಿಲು ಬೀಳುತ್ತಿರಲಿಲ್ಲ, ಬಂದು ಕೂರುತ್ತಿತ್ತು. ಜೋಳದ ಹಿಟ್ಟು ತಟ್ಟಿ ಮಾಳಿಗೆಯ ಮೇಲೆ ಒಗೆದರೆ ರೊಟ್ಟಿ ತಾನೇ ಉಬ್ಬಿ, ತಾನೇ ಮಗ್ಗಲು ಬದಲಿಸಿ ಬೇಯುತ್ತಿತ್ತು. ಕಾಗೆಗಳು ಹಾರುವುದನ್ನು ಬಿಟ್ಟು ಗೋಡೆಯ ನೆರಳು ಹಿಡಿದು ನಡೆದೇ ಓಡಾಡುತ್ತಿದ್ದವು. ಇಂಥ ಊರಿನಲ್ಲಿ ಮನುಷ್ಯರು ಬದುಕಿದ್ದು ಗುಡ್ಡದ ದಯೆಯಿಂದ. ಊರ ಪಕ್ಕದ ಗುಡ್ಡದ ಹೊಟ್ಟೆಯಲ್ಲಿ ಹಳೆಯ ಗಣಿಯ ಸುರಂಗಗಳಿದ್ದವು. ಚಳಿಗಾಲದ ತಣ್ಣನೆ ಗಾಳಿಯನ್ನು ಎರಡು ತಿಂಗಳು ಅದರೊಳಗೆ ಊದಿ ಊದಿ ಬಂಡೆಯನ್ನೇ ತಂಪು ಮಾಡಿಡುವುದು, ಬೇಸಿಗೆಯಲ್ಲಿ ಅದೇ ತಂಪನ್ನು ಕೊಳವೆಗಳಲ್ಲಿ ಮನೆಮನೆಗೆ ಹರಿಸುವುದು. ಉಪ್ಪಿನಕಾಯಿ ಭರಣಿಯಂತೆ ಚಳಿಗಾಲವನ್ನು ಮುಚ್ಚಿಟ್ಟುಕೊಂಡು, ಬೇಕಾದಾಗ ಬಿಚ್ಚಿಕೊಳ್ಳುತ್ತಿದ್ದರು. ಬೇಸಿಗೆಯ ಹಗಲಿನಲ್ಲಿ ಮನೆಗಳಿಗೆ ಕರೆಂಟಿರಲಿಲ್ಲ. ಇದ್ದಷ್ಟೂ ಗುಡ್ಡದ ಬಾಯಲ್ಲಿದ್ದ ಆನೆಗಾತ್ರದ ಫ್ಯಾನುಗಳಿಗೆ ಬೇಕಾಗುತ್ತಿತ್ತು.

ಪ್ರತಿ ಮನೆಯ ಗೋಡೆಗೂ ಬ್ಯಾಟರಿಯ ಒಂದು ತಂಪುಪೆಟ್ಟಿಗೆ. ಅದರೊಳಗೆ ಬೆರಳಗಲದ ಒಂದು ಹಳೆಯ ಎಲೆಕ್ಟ್ರಾನಿಕ್ ಚಿಪ್ಪು, ಹೊರಗೆ ಜೋತಾಡುವ ವೈರಿನ ತುದಿಯಲ್ಲಿ ಕಡಲೆಕಾಯಿಯಷ್ಟು ಸೆನ್ಸರು. ಸೆನ್ಸರು ಮನೆಯ ಶಾಖ ಅಳೆಯುತ್ತಿತ್ತು, ಚಿಪ್ಪು ಆ ಅಂಕಿಯನ್ನು ಪೆಟ್ಟಿಗೆಯ ಮುಖದ ಮೇಲೆ ತೋರಿಸಿ ಗುಡ್ಡದ ಕಂಪ್ಯೂಟರಿಗೂ ಕಳಿಸುತ್ತಿತ್ತು, ಕಂಪ್ಯೂಟರು ಯಾರಿಗೆಷ್ಟು ಗಾಳಿ ಎಂದು ಹಂಚುತ್ತಿತ್ತು. ಇಂಥ ಹನ್ನೊಂದು ನೂರು ಪೆಟ್ಟಿಗೆಗಳನ್ನು ಗೋಡೆಗೆ ಬಡಿದು, ಧೂಳು ಊದಿ, ಹಲ್ಲಿ ಓಡಿಸಿ, ಇಪ್ಪತ್ತೆರಡು ವರ್ಷ ಸಾಕಿದವನು ಯಂಕೋಬ. ಪೆಟ್ಟಿಗೆ ಕೆಮ್ಮಿದರೆ ಎರಡು ಓಣಿ ಆಚೆಯಿಂದಲೇ ಅವನಿಗೆ ಕೇಳಿಸುತ್ತಿತ್ತು. ಯಾವ ಪೆಟ್ಟಿಗೆಗೆ ಯಾವ ದಿನ ಜ್ವರ ಬರುತ್ತದೆಂದು ಪಂಚಾಂಗ ನೋಡದೆ ಹೇಳುತ್ತಿದ್ದ.

ಆ ವರ್ಷ ಈ ಗಾಳಿ ಹಂಚುವ ತಂಪು ಮಂಡಳಿ ಹೊಸ ಕಂಪ್ಯೂಟರು, ಹೊಸ ಸಾಫ್ಟ್‌ವೇರು ತರಿಸಿತು. ಕೂರಿಸಲು ತುಮಕೂರು ಕಡೆಯ ಇಂಜಿನಿಯರಮ್ಮ ವಾರಿಜಾ ಬಂದಳು. ಹೊಸದಕ್ಕೂ ಹಳೆಯ ಪೆಟ್ಟಿಗೆಗಳಿಗೂ ಮಾತು ಹೊಂದುತ್ತದೆಯೇ ಎಂದು ಪರೀಕ್ಷಿಸುವ ಕೆಲಸ ಯಂಕೋಬನ ಪಾಲಿಗೆ ಬಂತು. ಕೈಯಲ್ಲೊಂದು ಪರೀಕ್ಷಾ ಯಂತ್ರ ಹಿಡಿದು ಮನೆಮನೆಗೆ ಹೋಗಬೇಕು; ಪೆಟ್ಟಿಗೆಯ ಮುಖದಲ್ಲಿ ಕಾಣುವ ಅಂಕಿಯೇ ಯಂತ್ರದಲ್ಲೂ ಕಾಣುತ್ತದೆಯೇ ನೋಡಬೇಕು. ಬೇರೆ ಯಾರಾಗಿದ್ದರೂ ಎರಡು ತಿಂಗಳು ಕೇಳುತ್ತಿದ್ದರು. ಯಂಕೋಬ ಗುರುವಾರ ಬೆಳಗಿನ ಆರಕ್ಕೆ ಹೊರಟು ಸಂಜೆ ಐದಕ್ಕೆ ಹನ್ನೊಂದು ನೂರೂ ಮುಗಿಸಿದ. ಎರಡು ಸೈಕಲ್ ಸವೆದವು, ಮೂರನೆಯದು ಕೈಮುಗಿದು ಕೂತುಬಿಟ್ಟಿತು. ಕಾಗದದ ಮೇಲೆ ‘ಎಲ್ಲ ಪೆಟ್ಟಿಗೆಗಳ ಅಂಕಿ ಹೊಂದುತ್ತವೆ’ ಎಂಬ ಸಾಲಿನ ಕೆಳಗೆ ಅವನು ಹಾಕಿದ ಸಹಿ ಒಂದು ಗೇಣು ಉದ್ದವಿತ್ತು.

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಡ್ಡದ ಬಾಯಿಯ ಕಂಟ್ರೋಲ್ ರೂಮಿನಲ್ಲಿ ಹೊಸ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಹಳೆಯದಕ್ಕೆ ಹಾರ ಹಾಕಿ ಬೆಳಿಗ್ಗೆಯೇ ಲಾರಿ ಹತ್ತಿಸಿದ್ದರು. ಫ್ಯಾನುಗಳನ್ನು ಕೈಯಿಂದ ತಿರುಗಿಸುವ ಸ್ವಿಚ್ಚುಗಳೂ ಹಳೆಯದರ ಬೀರುವಿನಲ್ಲೇ ಇದ್ದವು ಎಂಬುದು ಕಾಯಿ ಒಡೆಯುವ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ವಾರಿಜಾ ಗುಂಡಿ ಒತ್ತಿದಳು. ಪರದೆಯ ಮೇಲೆ ಹನ್ನೊಂದು ನೂರು ಮನೆಗಳ ಅಂಕಿಗಳು ಬುಳುಬುಳು ಎದ್ದವು.

ಎಲ್ಲವೂ ಒಂದೇ. ಮೈನಸ್ ಸೊನ್ನೆ. ಮೈನಸ್ ಸೊನ್ನೆ. ಮೈನಸ್ ಸೊನ್ನೆ.

“ಇದೇನ್ರೀ ಹಟ್ಟಿ ಅವ್ರೇ, ಮೈನಸ್ ಸೊನ್ನೆ ಡಿಗ್ರಿ?” ವಾರಿಜಾ ಪಕ್ಕದಲ್ಲಿದ್ದ ಯಂಕೋಬನನ್ನು ಕೇಳಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

“ಸೊನ್ನಿಗೆ ಮೈನಸ್ ಹಚ್ಚಿದ್ರ ಏನ್ ಹೋತ್ರೀ ಮೇಡಂ? ಇಲ್ಲದ ಎಮ್ಮಿ ಹಾಲು ಕಳವಾದಂಗ. ಬಿಡ್ರಿ, ಹೊಸಾ ಮಷೀನು, ನಾಚಿಕಿ ಮಾಡ್ತೈತಿ.”

“ಇದು ಸೊನ್ನೆ ಅಲ್ಲಪ್ಪ. ಇಲ್ನೋಡಿ.” ಅವಳು ಒಂದು ಮನೆಯ ಅಂಕಿಯನ್ನು ಪೂರ್ತಿ ಬಿಡಿಸಿದಳು. ಮೈನಸ್ ಸೊನ್ನೆ, ಚುಕ್ಕೆ, ಆಮೇಲೆ ಮೂವತ್ತಾರು ಸೊನ್ನೆ ದಾಟಿದ ಮೇಲೆ ಒಂದು ಆರು, ಒಂದು ಎಂಟು. “ಇಷ್ಟು ಸಣ್ಣ ಅಂಕಿ. ಊರೆಲ್ಲ ಹೆಪ್ಪುಗಟ್ಟಿದೆ ಅಂತಿದೆ ಇದು.”

ಹೆಪ್ಪುಗಟ್ಟಿದ ಊರಿಗೆ ತಂಪೇಕೆ? ಹೊಸ ಸಾಫ್ಟ್‌ವೇರು ಬಹಳ ವಿಧೇಯ ಪ್ರಾಣಿ. ಹನ್ನೊಂದು ನೂರು ಮನೆಗಳ ಗಾಳಿಕಿಂಡಿಗಳನ್ನು ಒಂದಾದ ಮೇಲೊಂದು ಮುಚ್ಚಿತು. ಕೊನೆಗೆ ಫ್ಯಾನುಗಳನ್ನೂ ನಿಲ್ಲಿಸಿತು. ಇಪ್ಪತ್ತೆರಡು ವರ್ಷ ಬೇಸಿಗೆಯಲ್ಲಿ ಒಂದು ಕ್ಷಣವೂ ನಿಲ್ಲದ ಆ ಗುಡುಗು ತಗ್ಗುತ್ತ ತಗ್ಗುತ್ತ ಸತ್ತಾಗ, ಯಂಕೋಬನ ಕಿವಿಯಲ್ಲಿ ಅವನದೇ ಎದೆಬಡಿತ ಬ್ಯಾಂಡಿನಂತೆ ಕೇಳಿಸಿತು. ಲಾರಿಯವನಿಗೆ ಫೋನು ಮಾಡಿದರೆ ಅವನಾಗಲೇ ಲಿಂಗಸುಗೂರು ದಾಟಿದ್ದ.

ಹನ್ನೆರಡೂ ನಲವತ್ತಕ್ಕೆ ಹುಲಿಗೆಮ್ಮನ ಫೋನು ಬಂತು.

“ಗಾಳಿ ನಿಂತೈತ್ರೀ. ಪೆಟ್ಟಿಗಿ ಮುಖದ ಮ್ಯಾಲೆ ಮೂವತ್ತೈದು ತೋರಸ್ತೈತಿ. ನಿಮ್ಮ ಹೊಸಾ ಸೊಸಿ, ಆ ಕಂಪ್ಯೂಟರು, ಏನ್ ಮಾಡಿದ್ಲು?”

“ಊರಿಗೆ ಥಂಡಿ ಆಗೇತಿ ಅಂತೈತಿ ಅದು. ಐದು ಮಿನಿಟು, ಹುಲಿಗಿ. ನಾ ಅದೀನಲ್ಲ?”

“ನೀವ್ ಅದೀರಿ ಅಂತನ ಅಂಜಿಕಿ.”

ಅವಳ ಅಂಜಿಕೆ ಸುಳ್ಳಲ್ಲ. ಮೂರು ವರ್ಷದ ಹಿಂದೆ ಬಿಸಿಲು ಬಡಿದು ಆರು ದಿನ ಎಚ್ಚರವಿಲ್ಲದೆ ಮಲಗಿದ್ದಳು ಹುಲಿಗೆಮ್ಮ. ಎದ್ದ ಮೇಲೆ ಎಲ್ಲ ಮೊದಲಿನಂತಾಯಿತು, ಬಾಯಿ ಮೊದಲಿಗಿಂತ ಚುರುಕಾಯಿತು. ಬೆವರು ಮಾತ್ರ ಹಿಂದಿರುಗಲಿಲ್ಲ. ಮೈಯಲ್ಲಿ ಒಂದು ಹನಿ ಬೆವರೊಡೆಯದವಳಿಗೆ ಶಾಖ ಇಳಿಸುವ ದಾರಿಯೇ ಇಲ್ಲ. ಮನೆ ನಲವತ್ತು ದಾಟಿದರೆ ಎರಡು ತಾಸು, ಅದರಾಚೆ ನನ್ನ ಕೈಯಲ್ಲಿಲ್ಲ ಎಂದಿದ್ದರು ಡಾಕ್ಟರು. ತಣ್ಣಗಿದ್ದ ಗುಡ್ಡಕ್ಕೆ ಕರೆತರೋಣವೆಂದರೆ ನಡುವೆ ಎರಡು ಮೈಲಿ ಬೆಂಕಿ.

ವಾರಿಜಾಳಿಗೆ ಮೊದಲು ಅನುಮಾನ ಬಂದದ್ದು ಅಂಕಿಗಳನ್ನು ಬರೆಯುವ ರೀತಿಯ ಮೇಲೆಯೇ. “ಪೆಟ್ಟಿಗೆಗಳಿಗೂ ನಮ್ಮ ಸಾಫ್ಟ್‌ವೇರಿಗೂ ಲಿಪಿ ಬೇರೆ ಇರಬಹುದಾ?” ಎಂದು ಗೊಣಗಿ, ಕಡತದಿಂದ ಗೇಣುದ್ದ ಸಹಿಯ ಕಾಗದ ತೆಗೆದು ನೋಡಿದಳು. “ಇಲ್ಲ. ಹನ್ನೊಂದು ನೂರು ಕಡೆ ಹೊಂದಿದೆ. ಅಂದ್ಮೇಲೆ ಲಿಪಿ ಸರಿ ಇದೆ. ಮಧ್ಯದಲ್ಲಿ ಎಲ್ಲೋ ಸಿಗ್ನಲ್ ಕಂಬಗಳಲ್ಲಿ ಅಂಕಿ ಕೆಡ್ತಾ ಇದೆ. ಹದಿನಾಲ್ಕು ಕಂಬಾನೂ ಹತ್ತಿ ನೋಡ್ಬೇಕು. ಅಲ್ವಾ ಹಟ್ಟಿ ಅವ್ರೇ?”

ಯಂಕೋಬ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದಾಗ ಹೊರಬಂದದ್ದು: “ಕಂಬಾನ ಇರ್ಬೇಕ್ರಿ. ನಾ ಮನಿಗೆ ಹೋಗಿ ಬಂದೆ.”

ಲೈನ್‌ಮನ್ನರು ಕೈಗೆ ಗೋಣಿ ಸುತ್ತಿಕೊಂಡು ಸುಡುವ ಕಬ್ಬಿಣದ ಕಂಬ ಹತ್ತಲು ಹೊರಟರು. ಯಂಕೋಬ ಸೈಕಲ್ ಹತ್ತಿದ. ಡಾಂಬರು ಅಂಬಲಿಯಾಗಿ ಹರಿಯುತ್ತಿತ್ತು. ಅವನು ಸೈಕಲ್ ತುಳಿಯಲಿಲ್ಲ, ಈಸಿದ. ಒಂದು ಸಲ ಹಿಂದಿರುಗಿ ನೋಡಿದರೆ ಅವನ ನೆರಳು ಹಿಂದೆಯೇ ಒಂದು ಬೇವಿನ ಮರದಡಿ ಕೂತು ಸುಧಾರಿಸಿಕೊಳ್ಳುತ್ತಿತ್ತು. ಕುಂಡಿ ಸೀಟಿನ ಮೇಲೆ ನಿಲ್ಲಲಿಲ್ಲ, ಮನಸ್ಸು ಎದೆಯಲ್ಲಿ ನಿಲ್ಲಲಿಲ್ಲ. ಗುರುವಾರ, ಗುರುವಾರ ಎಂದು ಸೈಕಲ್ಲಿನ ಚೈನು ಕಿರುಗುಡುತ್ತಿತ್ತು.

ಮನೆಯ ಬಾಗಿಲಿಗೆ ಬಂದಾಗ ಒಂದೂ ಇಪ್ಪತ್ತು. ಪೆಟ್ಟಿಗೆಯ ಮುಖದಲ್ಲಿ ಮೂವತ್ತೊಂಬತ್ತು. ಹುಲಿಗೆಮ್ಮ ಗೋಡೆಗೊರಗಿ ಕೂತಿದ್ದಳು. ಮುಖ ಕೆಂಪು ಮೆಣಸಿನಕಾಯಿಯಂತಾಗಿ, ಹಾಗೆಯೇ ಒಣಗಿತ್ತು. ಬಾಗಿಲ ನೆರಳಿನಲ್ಲಿ ಐಸ್ ಗೋಲಾ ಮಾರುವ ಖಾಸೀಂಸಾಬನ ಬಂಡಿ ನಿಂತಿತ್ತು, ಹೊಟ್ಟಿನಲ್ಲಿ ಹುಗಿದ ಐಸಿನ ಹಾಸುಗಲ್ಲು ಅದರ ಮೇಲಿತ್ತು.

ಇಲ್ಲಿ ಯಂಕೋಬ ಮಾಡಿದ ಸಾಹಸ ಕಲ್ಲಿನಲ್ಲಿ ಕೆತ್ತಿಸುವಂಥದ್ದು. ಅವನು ಅರೆಕ್ಷಣವೂ ಅಳುಕಲಿಲ್ಲ. ಸಿಡಿಲಿನಂತೆ ಒಳನುಗ್ಗಿ, ಗೋಡೆಯ ಸೆನ್ಸರನ್ನು ಕಿತ್ತು, “ಊರಿಗೆ ಥಂಡಿ ಆಗೇತಿ ಅಂತೀಯೇನು? ಬಾ, ಥಂಡಿ ಅಂದ್ರೇನು ತೋರಸ್ತೀನಿ ನಿನಗ!” ಎಂದು ಗರ್ಜಿಸಿ, ಖಾಸೀಂಸಾಬನ ಐಸು ಒಡೆದು ಚೆಂಬಿಗೆ ತುಂಬಿ, ಸೆನ್ಸರನ್ನು ಅದರೊಳಗೆ ಕುತ್ತಿಗೆತನಕ ಅದುಮಿದ. ಪೆಟ್ಟಿಗೆಯ ಮುಖದ ಅಂಕಿ ಜಾರತೊಡಗಿತು. ಮೂವತ್ತು, ಹದಿನೈದು, ಏಳು, ಮೂರು. ಎರಡಕ್ಕಿಂತ ಕೆಳಗಿಳಿದು ಒಂದಕ್ಕೆ ಬಂದಿತೋ ಇಲ್ಲವೋ, ಗೋಡೆಯೊಳಗಿನ ಕೊಳವೆ ಗುಟುರು ಹಾಕಿತು.

ಕಿಂಡಿ ತೆರೆಯಿತು. ಗುಡ್ಡದ ಫ್ಯಾನುಗಳು ಎದ್ದವು. ಪೆಟ್ಟಿಗೆಯ ಆ ಒಂದು ಡಿಗ್ರಿ ಕಂಪ್ಯೂಟರಿಗೆ ಹದಿನೇಳರ ಮುಂದೆ ಮೂವತ್ತೇಳು ಸೊನ್ನೆಯಾಗಿ ಕಂಡಿತ್ತು. ಅರವತ್ತು ದಾಟಿದ ಮನೆಗೆ ಎಲ್ಲರಿಗಿಂತ ಮೊದಲು ಗಾಳಿ ಕೊಡು, ಏನೂ ಕೇಳಬೇಡ ಎಂಬುದು ಹೊಸ ಸಾಫ್ಟ್‌ವೇರಿನ ನಿಯಮ. ಉಳಿದ ಕಿಂಡಿಗಳೆಲ್ಲ ಮುಚ್ಚಿದ್ದರಿಂದ ಇಡೀ ಗುಡ್ಡದ ಚಳಿಗಾಲ ಒಂದೇ ಪಡಸಾಲೆಗೆ ಸುರಿಯಿತು. ಗೋಡೆಯ ಕ್ಯಾಲೆಂಡರು ಮುಂದಿನ ವರ್ಷಕ್ಕೆ ಹಾರಿತು. ನೆಲುವಿನ ಗಡಿಗೆಗಳು ಜೋಕಾಲಿ ಆಡಿದವು. ಮೇಕೆ ಕಟ್ಟಿದ ಹಗ್ಗದ ತುದಿಯಲ್ಲಿ ಮೇಕೆ ಗಾಳಿಪಟವಾಗಿತ್ತು. ಹುಲಿಗೆಮ್ಮ ಒಂದು ಕೌದಿ ಕೇಳಿದಳು, ಆಮೇಲೆ ಇನ್ನೊಂದು.

ಓಣಿಯ ಮಂದಿ ಬಂದು ನೋಡಿದರು. ಬಿಳಿಗುಡ್ಡದವರಿಗೆ ಒಂದು ಸಲ ತೋರಿಸಿದರೆ ಸಾಕು. ಚೆಂಬು, ತಂಬಿಗೆ, ಹಾಲಿನ ಪಾತ್ರೆ, ಅತ್ತೆಯ ಎಲೆಯಡಿಕೆ ಡಬ್ಬಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಖಾಸೀಂಸಾಬನ ಬಂಡಿ ಮುತ್ತಿದರು. “ಅರೇ, ಒಂದೊಂದ ತುಣಕು ತಗೋರಿ! ಚೀಪಬ್ಯಾಡ್ರಿ, ಸೆನ್ಸರಿಗೆ ಇಡ್ರಿ!” ಎಂದು ಅವನು ಕೂಗುತ್ತಿದ್ದ. ಎರಡು ಗಂಟೆಗೆ ನಲವತ್ತು ಮನೆ, ಎರಡೂವರೆಗೆ ನೂರಿಪ್ಪತ್ತು ಮನೆ ಸೂರ್ಯನನ್ನು ನಾಚಿಸುವಷ್ಟು ಕಾದವು. ಇದ್ದ ಗಾಳಿ ಅಷ್ಟೂ ಕಡೆ ಹಂಚಿಹೋಯಿತು. ಹುಲಿಗೆಮ್ಮ ಕೌದಿಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಐಸು ಕರಗುತ್ತಿತ್ತು. ಚೆಂಬಿನ ನೀರು ಎರಡು ಡಿಗ್ರಿ ದಾಟಿದ್ದೇ ತಡ ಮನೆ ಮತ್ತೆ ಮೈನಸ್ ಸೊನ್ನೆ, ಕಿಂಡಿ ಬಂದ್. ಮೂರು ಗಂಟೆಗೆ ಖಾಸೀಂಸಾಬ ಬಂಡಿಯ ಹೊಟ್ಟು ಕೊಡವಿ ತೋರಿಸಿದ. ಊರಿನ ಕೊನೆಯ ಐಸು ಹುಲಿಗೆಮ್ಮನ ಚೆಂಬಿನಲ್ಲಿತ್ತು, ಬಟಾಣಿಯಷ್ಟು.

ಅಷ್ಟರಲ್ಲಿ ವಾರಿಜಾಳ ಫೋನು. “ಹಟ್ಟಿ ಅವ್ರೇ, ನಿಮ್ಮನೆ ಹದಿನೇಳರ ಮುಂದೆ ಮೂವತ್ತೇಳು ಸೊನ್ನೆ ತೋರಿಸ್ತು! ಏನ್ ಮಾಡಿದ್ರಿ? ಕೂಡ್ಲೇ ಬನ್ನಿ.”

“ಹೋಗ್ರಿ,” ಎಂದಳು ಹುಲಿಗೆಮ್ಮ. “ಇಲ್ಲಿ ಕುಂತು ನನ್ನ ಮುಖ ನೋಡಿದ್ರ ಗಾಳಿ ಬರಂಗಿಲ್ಲ. ಫೋನು ಬಂದ್ ಮಾಡಬ್ಯಾಡ್ರಿ ಅಷ್ಟ.”

ಕಂಟ್ರೋಲ್ ರೂಮಿಗೆ ಬಂದಾಗ ಮೂರೂ ನಲವತ್ತು. ಕಂಬ ಹತ್ತಿ ಇಳಿದ ಲೈನ್‌ಮನ್ನರು ಅಂಗೈ ಬೊಬ್ಬೆಗೆ ಸುಣ್ಣದ ತಿಳಿ ಸವರಿಕೊಳ್ಳುತ್ತಿದ್ದರು. ಹದಿನಾಲ್ಕು ಕಂಬಗಳಲ್ಲೂ ಕೂದಲೆಳೆಯಷ್ಟು ದೋಷವಿರಲಿಲ್ಲ. ವಾರಿಜಾ ಕೂತಲ್ಲಿ ಕೂರದೆ ಪರದೆಯಿಂದ ಬಾಗಿಲಿಗೆ, ಬಾಗಿಲಿಂದ ಪರದೆಗೆ ತಿರುಗುತ್ತಿದ್ದಳು.

“ಬಿಸಿ ಇದ್ರೆ ಸೊನ್ನೆ ಅನ್ನುತ್ತೆ, ಐಸಿಟ್ರೆ ಪ್ರಳಯ ಅನ್ನುತ್ತೆ. ತಿಕ್ಕಲು ಹೀಗಿರಲ್ಲ ಹಟ್ಟಿ ಅವ್ರೇ, ಇದರಲ್ಲಿ ಏನೋ ಕ್ರಮ ಇದೆ. ಅಂಕಿ ಬರೆಯೋ ಲಿಪಿನೇ ಬೇರೆ ಇದ್ದಂಗಿದೆ. ಆದ್ರೆ…” ಅವಳು ಮತ್ತೆ ಆ ಕಾಗದ ಹಿಡಿದಳು. “ಗುರುವಾರ ಮೂವತ್ತು ಇದ್ದಲ್ಲಿ ಮೂವತ್ತು, ಇಪ್ಪತ್ತೊಂಬತ್ತು ಇದ್ದಲ್ಲಿ ಇಪ್ಪತ್ತೊಂಬತ್ತು, ಎರಡೂ ಕಡೆ ಒಂದೇ ಕಂಡಿತ್ತು ತಾನೆ? ಕಣ್ಣಾರೆ ನೋಡಿದ್ರಿ ತಾನೆ?”

“ನೋಡೀನ್ರಿ.”

“ಹನ್ನೊಂದು ನೂರರಲ್ಲೂ?”

“ಹನ್ನೊಂದು ನೂರಾ ಎರಡ್ರಿ. ಎರಡು ಹೆಚ್ಚಿಗೀನೂ ನೋಡಿದ್ದೆ, ರೂಢಿ ತಪ್ಪಬಾರ್ದಂತ.”

ನಾಲಗೆಗೆ ಇಪ್ಪತ್ತೆರಡು ವರ್ಷದ ಚಾಳಿ. ವಾರಿಜಾ ಕಾಗದ ಕೆಳಗಿಟ್ಟಳು. “ಹಾಗಾದ್ರೆ ಲಿಪಿ ಅಲ್ಲ. ತಪ್ಪು ನನ್ನ ಕಂಪ್ಯೂಟರಲ್ಲೇ ಇದೆ. ಪೂರ್ತಿ ಬಿಚ್ಚಿ, ಮೊದಲಿಂದ ಜೋಡಿಸ್ಬೇಕು. ನಾಳೆ ಬೆಳಿಗ್ಗೆ ಆಗುತ್ತೆ.”

ನಾಳೆ ಬೆಳಿಗ್ಗೆ. ಯಂಕೋಬನ ಕೈಯಲ್ಲಿದ್ದ ಫೋನಿನಿಂದ ಉಸಿರಾಟ ಕೇಳುತ್ತಿತ್ತು, ಕಮ್ಮಾರನ ತಿದಿಯಂತೆ. ವಾರಿಜಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. “ಅಮ್ಮಾ, ಪೆಟ್ಟಿಗೆಯಲ್ಲಿ ಎಷ್ಟಿದೆ?”

“ನಲವತ್ತಾ… ನಲವತ್ತಾರು.” ಮಾತು ಎಳೆಯುತ್ತಿತ್ತು. “ಐಸು ಹೋತವ್ವಾ.”

“ಸ್ವಲ್ಪ ತಡ್ಕೊಳ್ಳಿ. ಒದ್ದೆ ಬಟ್ಟೆ ಹಾಕ್ಕೊಂಡೇ ಇರಿ. ನಿಮ್ಮನೆಯವ್ರು ಅಷ್ಟು ಕಷ್ಟಪಟ್ಟು ಹನ್ನೊಂದು ನೂರು ಪೆಟ್ಟಿಗೆ ಪರೀಕ್ಷೆ ಮಾಡಿದ್ರೂ ಹೀಗಾಯ್ತಲ್ಲ ಅಂತ…”

“ಯಾವಾಗ ಮಾಡಿದ್ರು?”

“ಹೋದ ಗುರುವಾರ.”

 ತಿದಿಯ ಸದ್ದಿನ ನಡುವೆ ಹುಲಿಗೆಮ್ಮ, ಒಂದೊಂದೇ ಮಾತನ್ನು ಬಾವಿಯಿಂದ ಸೇದುವಂತೆ: “ಗುರುವಾರ ಮುಂಜಾನಿಂದ ಸಂಜಿತನಕ ಈ ಮನಷ್ಯಾ ಪಡಸಾಲ್ಯಾಗ ಬೋರಲ ಬಿದ್ದು ಗೊರಕಿ ಹೊಡ್ಯಾಕತ್ತಿದ್ದ. ಎರಡ ಸಲ ಎದ್ದ. ಒಮ್ಮೆ ಮಜ್ಜಿಗಿಗೆ, ಒಮ್ಮೆ ನನ್ನ ಬೈಯಾಕ. ಏನ್ರೀ? ಮಲಕ್ಕೊಂಡ ಓಡಿದ್ರೇನು ಹನ್ನೊಂದು ನೂರು ಮನಿ?”

ಲೈನ್‌ಮನ್ನರು ಸುಣ್ಣ ಸವರುವುದನ್ನು ನಿಲ್ಲಿಸಿದರು. ವಾರಿಜಾ ತಿರುಗಿ ನೋಡಿದಳು. ಯಂಕೋಬನ ಬಾಯಲ್ಲಿ ಮೂರು ಹೊಸ ಸುಳ್ಳು ಸಾಲಾಗಿ ಬಂದು ನಿಂತವು, ಒಂದಕ್ಕಿಂತ ಒಂದು ಚೆಲುವಾಗಿದ್ದವು. ಫೋನಿನಲ್ಲಿ ಉಸಿರು ಒಂದು ಸಲ ತಡವರಿಸಿತು.

“ಒಂದ ನೋಡೀನ್ರಿ,” ಎಂದ. ದನಿ ಅವನದೆಂದು ಅವನಿಗೇ ಗುರುತಾಗಲಿಲ್ಲ.

“ಏನು?”

“ಒಂದ ಪೆಟ್ಟಿಗಿ. ಮನಿಯಾಗ ರಿಪೇರಿಗಿ ತಂದಿಟ್ಟಿದ್ದು. ಮಲಗೋಕಿಂತ ಮದ್ಲ ಯಂತ್ರ ಹಚ್ಚಿ ನೋಡಿದೆ. ಅದರಾಗೂ ಸೊನ್ನಿ, ಇದರಾಗೂ ಸೊನ್ನಿ. ಹೊಂದೇತಿ ಅಂತ ಸಹಿ ಹಾಕಿದೆ.”

“ಮನೆಯೊಳಗೆ ಸೊನ್ನೆ ಡಿಗ್ರಿ ಎಲ್ಲಿಂದ ಬಂತು?”

“ಸೆನ್ಸರ್ ಸಿಗಸಿರಲಿಲ್ರಿ. ಸೆನ್ಸರಿಲ್ಲದ ಪೆಟ್ಟಿಗಿ ಸೊನ್ನಿನ ಹೇಳ್ತೈತಿ.”

ವಾರಿಜಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. “ಜಗತ್ತಿನ ಯಾವ ಲಿಪಿಯಲ್ಲಿ ಬರೆದ್ರೂ ಸೊನ್ನೆ ಸೊನ್ನೆನೇ ಕಣ್ರೀ,” ಎಂದಷ್ಟೇ ಹೇಳಿ, ಕಾಗದ ಎಳೆದುಕೊಂಡು ಬರೆಯತೊಡಗಿದಳು.

ಕಂಪ್ಯೂಟರಿಗೆ ದಶಮಾಂಶದ ಚುಕ್ಕೆ ಒಂದು ಕಡೆ ನಿಲ್ಲುವ ವಸ್ತುವಲ್ಲ. ಅಂಕಿ ದೊಡ್ಡದಾದರೆ ಬಲಕ್ಕೆ, ಸಣ್ಣದಾದರೆ ಎಡಕ್ಕೆ ತೇಲುತ್ತಿರುತ್ತದೆ. ಹಾಗಾಗಿ ಒಂದು ಅಂಕಿಗೆ ಮೂವತ್ತೆರಡು ಕುರ್ಚಿ ಹಾಕಿ, ಪ್ರತಿ ಕುರ್ಚಿಯಲ್ಲೂ ಒಂದನ್ನೋ ಸೊನ್ನೆಯನ್ನೋ ಕೂರಿಸಿ ಮೂರು ಸಂಗತಿ ಹೇಳುತ್ತಾರೆ: ಪ್ಲಸ್ಸೋ ಮೈನಸ್ಸೋ ಎಂದು ಹೇಳಲು ಒಂದು ಕುರ್ಚಿ, ಚುಕ್ಕೆ ಎಷ್ಟು ದೂರ ತೇಲಿದೆ ಎಂದು ಹೇಳಲು ಎಂಟು, ಉಳಿದ ಇಪ್ಪತ್ತಮೂರು ಕುರ್ಚಿಗಳಲ್ಲಿ ಅಂಕಿಯ ಮೈ. ಯಂಕೋಬನ ಮನೆಯಲ್ಲಿ ಈಗ ನಲವತ್ತಾರು. ಹೊಸ ಸಾಫ್ಟ್‌ವೇರು ನಲವತ್ತಾರನ್ನು ಹೇಗೆ ಬರೆಯಬೇಕೋ ಅದನ್ನು ವಾರಿಜಾ ಮೇಲಿನ ಸಾಲಿನಲ್ಲಿ ಬರೆದಳು. ಪೆಟ್ಟಿಗೆ ನಿಜವಾಗಿ ಕಳಿಸಿದ್ದನ್ನು ಅದರ ಕೆಳಗೆ ಬರೆದಳು.

“ಬಾಲದ ಇಪ್ಪತ್ತಮೂರು ಎರಡರಲ್ಲೂ ಒಂದೇ. ಮೊದಲ ಒಂಬತ್ತು ಮಾತ್ರ ಬೇರೆ. ನೋಡಿ. ಮೇಲೆ 0 1 0 0 0 0 1 0 0. ಕೆಳಗೆ 1 0 0 0 0 1 0 0 0.” ಅವಳ ಪೆನ್ನು ಎರಡು ಸಾಲುಗಳ ನಡುವೆ ಕುಟುಕುತ್ತಿತ್ತು. “ಎಲ್ಲ ಒಂದೊಂದು ಜಾಗ ಜರುಗಿದ್ಯಾ? ಜರುಗಿದ್ರೆ ಬಾಲ ಯಾಕೆ ಅಲುಗಿಲ್ಲ? ಈ ಚಿಪ್ಪಿನ ಪುಸ್ತಕನೂ ಇಲ್ಲ. ಹಟ್ಟಿ ಅವ್ರೇ, ನಿಮಗೇನಾದ್ರೂ…”

“ನನ್ನ ಹೆಸರು ಹಟ್ಟಿ ಅಲ್ರೀ ಮೇಡಂ.”

“ಈಗ ಅದ್ಯಾಕ್ರೀ?”

“ಹಟ್ಟಿ ನಮ್ಮ ಅಡ್ಡಹೆಸರು. ಹೆಸರು ಯಂಕೋಬ, ನಮ್ಮಪ್ಪ ತಿಪ್ಪಯ್ಯ, ಅಡ್ಡಹೆಸರು ಹಟ್ಟಿ. ನೀವು ಬಂದ ದಿನ ಗುರುತಿನ ಕಾರ್ಡು ಹೊಡದ್ರಲ್ಲ, ನಿಮ್ಮ ಮಷೀನು ಮದ್ಲಿಂದನ್ನ ಊರು ಅಂತ ತಿಳಕೊಂಡು ನನ್ನ ‘ಯಂ. ತಿ. ಹಟ್ಟಿ’ ಮಾಡ್ತು. ನಾವು ಇಲ್ಲಿ ಹಾಜರಿ ಪುಸ್ತಕದಾಗ ನಿಮ್ಮ ಹೆಸರು ‘ಹೆಬ್ಬೂರು ನಂಜಯ್ಯ ವಾರಿಜಾ’ ಅಂತ ಓದಿ, ಮದ್ಲಿಂದು ಹೆಸರು ಇರ್ತದಲ್ಲ ಅಂತ, ಹದಿನೈದು ದಿನ ಹೆಬ್ಬೂರು ಮೇಡಂ, ಹೆಬ್ಬೂರು ಮೇಡಂ ಅಂತ ಕರದ್ವಿ. ಹೆಸರು ಕೆಟ್ಟಿರಲಿಲ್ರಿ. ನಮ್ಮ ಕಡೆ ಮುಂದ ಕುಂದರೋದು ನಿಮ್ಮ ಕಡೆ ಹಿಂದ ಕುಂದರತಿತ್ತು, ಅಷ್ಟ. ಇಲ್ಲಿ ಆ ಮುಂದಿನ ಸೊನ್ನಿ ನೋಡ್ರಿ…” ಅವನು ಮೇಲಿನ ಸಾಲಿನ ಮೊದಲ ಸೊನ್ನೆಯ ಮೇಲೆ ಉಗುರಿಟ್ಟು, ಎಂಟು ಕುರ್ಚಿ ದಾಟಿಸಿ ಒಂಬತ್ತನೆಯದರಲ್ಲಿ ಇಳಿಸಿದ. ಮೇಲಿನ ಸಾಲು ಕೆಳಗಿನ ಸಾಲಾಯಿತು.

ವಾರಿಜಾ ಉಸಿರು ಬಿಗಿಹಿಡಿದು ನೋಡಿದಳು. “ಪ್ಲಸ್ ಮೈನಸ್ ಕುರ್ಚಿ! ನಮ್ಮಲ್ಲಿ ಅದು ಬಾಗಿಲಲ್ಲೇ ಕೂತಿರುತ್ತೆ. ನಿಮ್ಮ ಚಿಪ್ಪಿನಲ್ಲಿ ಎಂಟು ಮಂದಿ ಆದ್ಮೇಲೆ ಕೂತಿದೆ. ಹೌದು, ಆ ಪುಟ್ಟ ಚಿಪ್ಪು ಒಂದು ತುತ್ತಿಗೆ ಎಂಟೇ ಎತ್ತೋದು. ಚುಕ್ಕೆಯ ಲೆಕ್ಕ ಪೂರ್ತಿ ಒಂದೇ ತುತ್ತಲ್ಲಿ ಸಿಗ್ಲಿ ಅಂತ ಹೀಗೆ ಕೂರಿಸಿದಾರೆ. ನನ್ನ ಸಾಫ್ಟ್‌ವೇರು ಚುಕ್ಕೆಯ ಮೊದಲ ಅಂಕಿನ ಮೈನಸ್ ಅಂತ ಓದ್ತಿದೆ!” ಅಷ್ಟು ಹೇಳುವಾಗ ಅವಳ ಬೆರಳುಗಳು ಕೀಲಿಗಳ ಮೇಲಿದ್ದವು. ಒಂಬತ್ತನೆಯ ಕುರ್ಚಿಯವನನ್ನು ಎಬ್ಬಿಸಿ ಮುಂದೆ ಕೂರಿಸು, ಉಳಿದ ಎಂಟನ್ನು ಒಂದೊಂದು ಹಿಂದೆ ಸರಿಸು. ಮೂರು ಸಾಲಿನ ಅಪ್ಪಣೆ. ಅದನ್ನು ಬರೆಯಲು ನಾಲ್ಕು ನಿಮಿಷ ಹಿಡಿಯಿತು. ಯಂಕೋಬ ಆ ನಾಲ್ಕು ನಿಮಿಷದಲ್ಲಿ ಕೋಣೆಯನ್ನು ಎಪ್ಪತ್ತು ಸಲ ಸುತ್ತಿದ. ಎಪ್ಪತ್ತಲ್ಲ, ಲೈನ್‌ಮನ್ನರು ಎಣಿಸಿದ ಪ್ರಕಾರ ಹನ್ನೊಂದು ಸಲ.

ಪರದೆಯಲ್ಲಿ ಅಂಕಿಗಳು ಕಣ್ಣು ಮಿಟುಕಿಸಿದವು. ನಲವತ್ತೈದು. ನಲವತ್ತಾರು. ನಲವತ್ತೇಳು. ನಲವತ್ತಾರು. ಇಷ್ಟು ಕೆಟ್ಟ ಅಂಕಿಗಳನ್ನು ನೋಡಿ ಅಷ್ಟು ಮಂದಿ ಒಟ್ಟಿಗೆ ಹಿಗ್ಗಿದ್ದು ಬಿಳಿಗುಡ್ಡದಲ್ಲಿ ಅದೇ ಮೊದಲು. ಗುಡ್ಡ ಗುಡುಗಿತು.

“ಹುಲಿಗೀ?” ಯಂಕೋಬ ಫೋನಿನ ಮೇಲೆ ಬಗ್ಗಿದ. “ಹುಲಿಗೀ, ಗಾಳಿ ಬಂತೇನು?”

ತಿದಿಯ ಸದ್ದಿಲ್ಲ. ಕೊಳವೆಯ ಗುಟುರು ಮಾತ್ರ. ಅವನು ಎರಡೂ ಕೈಯಲ್ಲಿ ಮೇಜು ಹಿಡಿದ. ಆಮೇಲೆ ಖಾಸೀಂಸಾಬನ ದನಿ ಕೇಳಿತು: “ಯಂಕೋಬಣ್ಣ, ಭಾಭಿ ಕಿಂಡಿಗೆ ಮುಖಾ ಕೊಟ್ಟು ಕುಂತಾರ. ಮಾತಾಡಂಗಿಲ್ಲಂತ. ನೀರು ಕುಡ್ಯಾಕತ್ತಾರ. ಮೂವತ್ತೆಂಟಕ್ಕ ಇಳದೈತಿ.”

ಯಂಕೋಬ ನೆಲದ ಮೇಲೆ ಕೂತ.

ಆರು ಗಂಟೆಗೆ ವಾರಿಜಾ ವರದಿ ಬರೆಯಲು ಕೂತಳು. ಫೋನು ಮೇಜಿನ ಮೇಲೆ ಹಾಗೆಯೇ ತೆರೆದಿತ್ತು; ಆಚೆ ಕಡೆಯಿಂದ ಲೋಟದ ಸದ್ದು, ಹುಲಿಗೆಮ್ಮ ಯಾರನ್ನೋ ಬೈಯುವ ಸದ್ದು ಕೇಳುತ್ತಿದ್ದವು. ಅವಳ ಮೈಯಲ್ಲಿ ಬಲ ಬಂದಿತ್ತು.

“ಪರೀಕ್ಷಿಸಿದ ಪೆಟ್ಟಿಗೆಗಳು: ಒಂದು. ಸೆನ್ಸರ್ ಇಲ್ಲದೆ,” ಎಂದು ಬರೆದು ವಾರಿಜಾ ತಲೆಯೆತ್ತಿದಳು. “ಇದನ್ನ ನಾನು ಬರೀಲೇಬೇಕು ಯಂಕೋಬ ಅವ್ರೇ. ಆದ್ರೆ ಐಸಿನ ಉಪಾಯಾನೂ ಬರೀತೀನಿ. ಅದಿಲ್ದಿದ್ರೆ ಆ ದೊಡ್ಡ ಅಂಕಿ ನನಗೆ ಕಾಣ್ತಿರ್ಲಿಲ್ಲ, ನಿಮ್ಮನೆಯವ್ರೂ ಮೂರು ಗಂಟೆ ತಡೀತಿರ್ಲಿಲ್ಲ. ಮಂಡಳಿಯವ್ರು ಅದನ್ನ ಓದಿದ್ರೆ ನಿಮ್ಮ ಮಾನ ಸ್ವಲ್ಪ ಉಳಿಯುತ್ತೆ. ಹೇಳಿ, ಹೇಗೆ ಹೊಳೀತು?”

ಯಂಕೋಬ ಗಂಟಲು ಸರಿಮಾಡಿಕೊಂಡ. “ಬರಕೋರಿ. ನಾ ಸಿಡಿಲಿನಂಗ ಒಳಗ ನುಗ್ಗಿದೆ. ಸೆನ್ಸರ್ ಕಿತ್ತೆ. ‘ಊರಿಗೆ ಥಂಡಿ ಆಗೇತಿ ಅಂತೀಯೇನು, ಬಾ, ಥಂಡಿ ಅಂದ್ರೇನು ತೋರಸ್ತೀನಿ ನಿನಗ’ ಅಂತ…”

ಫೋನಿನಲ್ಲಿ ಲೋಟದ ಸದ್ದು ನಿಂತಿತು. ಬೈಗುಳವೂ ನಿಂತಿತು.  ಗಾಳಿಯ ಗುಟುರು ಮಾತ್ರ ಬರುತ್ತಿತ್ತು.

“ಅಂತ?” ಎಂದಳು ವಾರಿಜಾ.

ಯಂಕೋಬ ಅಂಗೈಯಿಂದ ಮುಖ ಒರೆಸಿಕೊಂಡ. ಧಾರಾಳವಾಗಿ ಬೆವರಿದ್ದ.

“ಅಂತ ಆಕೀ ಅಂದ್ಲರಿ. ಸೆನ್ಸರ್ ಕಿತ್ತಾಕಿನೂ ಆಕೀನ, ಐಸಿನಾಗ ಅದುಮಿದಾಕಿನೂ ಆಕೀನ. ನಾ ಬಾಗಲದಾಗ ನಿಂತಿದ್ದೆ. ಆಕಿ ಮುಖಾ ನೋಡಿದೆ, ಕೈಕಾಲು ಹೋದ್ವು. ಖಾಸೀಂಸಾಬನ ಬಂಡಿ ನನ್ನ ಮೊಣಕಾಲಿಗೆ ತಾಗಿ ನಿಂತಿತ್ತು, ಅದು ಸೈತ ನನಗ ಕಾಣಲಿಲ್ಲ. ನಾನು…” ಅವನು ಫೋನಿನ ಕಡೆ ನೋಡಲಿಲ್ಲ. “ನಾ ಅಳಾಕತ್ತಿದ್ದೆರಿ. ಅಷ್ಟ. ಅಳೋದು ಬಿಟ್ಟು ಬ್ಯಾರೆ ಏನೂ ಮಾಡ್ಲಿಲ್ಲ.”